ವಿಮಾನದ ಅಲ್ಯುಮಿನಿಯಂಗೆ ಲೇಸರ್ ಕಟಿಂಗ್: ದರ ನಮೂದಿಸುವ ಮುನ್ನ

ಗುರುಗುಂಟಾ ಸಮೀಪ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ನಡೆಸುವ, ನಾನು ಲೆಕ್ಕಪತ್ರ ನೋಡುವ ಉದ್ಯಮಿಯೊಬ್ಬರು ಫೈಬರ್ ಲೇಸರ್ ಯಂತ್ರದ ಸಾಲಕ್ಕಾಗಿ ಪ್ರಾಜೆಕ್ಟ್ ರಿಪೋರ್ಟ್ ಸಿದ್ಧಪಡಿಸಲು ಕೇಳಿಕೊಂಡರು. ಟ್ರ್ಯಾಕ್ಟರ್ ಟ್ರೇಲರ್, ಗೇಟು, ಗ್ರಿಲ್‌ಗಳ ಜೊತೆಗೆ ವಿಮಾನ ಬಿಡಿಭಾಗಗಳ ಜಾಬ್‌ವರ್ಕ್ ಹಿಡಿಯಬೇಕೆಂಬುದು ಅವರ ಆಸೆ. ಆಸೆಯಲ್ಲಿ ತಪ್ಪಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭವಾದಂದಿನಿಂದಲೂ ಈ ಉದ್ಯಮ ನಮ್ಮ ರಾಜ್ಯದಲ್ಲಿ ಬೇರೂರಿದೆ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನ ಬಿಡಿಭಾಗಗಳನ್ನು ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ; 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಆದರೆ ಅವರು ತಂದಿದ್ದ ಅಂದಾಜಿನಲ್ಲಿ ಮೈಲ್ಡ್ ಸ್ಟೀಲಿನ ಮೀಟರ್ ದರವನ್ನೇ ಅಲ್ಯುಮಿನಿಯಂಗೂ ಹಾಕಲಾಗಿತ್ತು.

ಅಲ್ಯುಮಿನಿಯಂ ಬೆಳಕನ್ನು ಪ್ರತಿಫಲಿಸುತ್ತದೆ, ಶಾಖವನ್ನು ಬೇಗನೆ ಹರಡುತ್ತದೆ. ಹಳೆಯ ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನ್ ಬೆಳಕು ಬಹುಪಾಲು ಹಿಂದಿರುಗುತ್ತಿತ್ತು. ಫೈಬರ್ ಲೇಸರಿನ ಸುಮಾರು 1 ಮೈಕ್ರಾನ್ ಬೆಳಕನ್ನು ಲೋಹವು ಹೆಚ್ಚು ಹೀರಿಕೊಳ್ಳುವುದರಿಂದ ಈ ಕೆಲಸ ಸಣ್ಣ ಉದ್ಯಮಕ್ಕೂ ಎಟುಕಿದೆ. ಶುದ್ಧ ಲೋಹ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಅದರ ಮೇಲಿನ ಆಕ್ಸೈಡ್ ಪದರಕ್ಕೆ 2,000 ಡಿಗ್ರಿಗೂ ಹೆಚ್ಚು ಬೇಕು. ಸ್ಟೀಲ್ ಕತ್ತರಿಸುವಾಗ ನೆರವಾಗುವ ಆಮ್ಲಜನಕ ಇಲ್ಲಿ ಅಂಚನ್ನು ಒರಟು ಮಾಡುತ್ತದೆ. ಅಧಿಕ ಒತ್ತಡದ ನೈಟ್ರೋಜನ್ ಬೇಕಾಗುತ್ತದೆ. ಸಿಲಿಂಡರ್ ಬಿಲ್ಲು ಅಂದಾಜಿನಲ್ಲಿ ಇರಲೇ ಇಲ್ಲ.

ಇದಕ್ಕಿಂತ ದೊಡ್ಡ ಖರ್ಚು ಅಂಚಿನಲ್ಲಿ ಅಡಗಿದೆ. ವಿಮಾನಗಳಲ್ಲಿ ಬಳಸುವ 2024, 7075 ಮಿಶ್ರಲೋಹಗಳಿಗೆ ಬಲ ಬರುವುದು ಉಷ್ಣೋಪಚಾರದಿಂದ. ಲೇಸರಿನ ಶಾಖ ತಾಗಿದ ಕಿರಿದಾದ ಅಂಚಿನಲ್ಲಿ ಆ ಬಲ ಕುಗ್ಗಿ, ಕಣ್ಣಿಗೆ ಕಾಣದ ಬಿರುಕುಗಳು ಮೂಡಬಹುದು. ಹಾರಾಟದ ಕಂಪನದಲ್ಲಿ ಅವು ಬೆಳೆಯುತ್ತವೆ. ಆದ್ದರಿಂದ ಆ ಅಂಚನ್ನು ಮಿಲ್ಲಿಂಗ್‌ನಿಂದ ತೆಗೆಯಬೇಕೆಂದು ಗ್ರಾಹಕರು ಷರತ್ತು ಹಾಕುವುದುಂಟು. ಪ್ರತಿ ಬದಿಗೆ 1 ಮಿ.ಮೀ. ಬಿಡಬೇಕೆಂದಾದರೆ, 50 ಮಿ.ಮೀ. ಚದರದ ತುಂಡನ್ನು 52 ಮಿ.ಮೀ.ಗೆ ಕತ್ತರಿಸಬೇಕು, ಲೋಹದ ಬಳಕೆ ಶೇ. 8ರಷ್ಟು ಹೆಚ್ಚುತ್ತದೆ. 200 ಮಿ.ಮೀ. ತುಂಡಿನಲ್ಲಿ ಈ ಹೆಚ್ಚಳ ಶೇ. 2 ಮಾತ್ರ. ನಮ್ಮವರಿಗೆ ಮೊದಲು ಸಿಗುವುದು ಸಣ್ಣ ತುಂಡುಗಳೇ ಎಂಬುದನ್ನು ಗಮನಿಸಬೇಕು. ಮಿಲ್ಲಿಂಗ್ ಕೂಲಿ ಬೇರೆ.

ಇನ್ನು ಕಾಗದಪತ್ರ. ಪ್ರತಿ ತುಂಡೂ ಯಾವ ಶೀಟಿನದು, ಆ ಶೀಟಿನ ಪರೀಕ್ಷಾ ಪ್ರಮಾಣಪತ್ರ ಯಾವುದು ಎಂಬ ದಾಖಲೆ ತಪ್ಪಿದರೆ ಒಳ್ಳೆಯ ಮಾಲೂ ತಿರಸ್ಕೃತವಾಗುತ್ತದೆ. ಎರಡು ಮಿಶ್ರಲೋಹಗಳ ಸ್ಕ್ರ್ಯಾಪ್ ಒಂದೇ ಚೀಲಕ್ಕೆ ಬಿದ್ದರೆ ಬೆಲೆ ಇಳಿಯುತ್ತದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 143ನೆಯ ಕಲಮಿನಂತೆ ಜಾಬ್‌ವರ್ಕಿಗೆ ಬಂದ ಕಚ್ಚಾಮಾಲು ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂದಿರುಗಬೇಕು. ಸ್ಕ್ರ್ಯಾಪನ್ನು ನೋಂದಾಯಿತ ಜಾಬ್‌ವರ್ಕರ್ ತೆರಿಗೆ ಕಟ್ಟಿ ನೇರವಾಗಿ ಮಾರಬಹುದಾದರೂ, ಆ ಹಣ ಯಾರದೆಂದು ಮೊದಲೇ ಬರೆಸಿಕೊಳ್ಳುವುದು ಕ್ಷೇಮ.

ನಾನು ಅವರಿಗೆ ಒತ್ತಿ ಹೇಳಿದ್ದು ತಿರಸ್ಕೃತ ಮಾಲಿನ ಷರತ್ತನ್ನು. ಲೋಹ ಗ್ರಾಹಕರದು, ನಮ್ಮದು ಕೂಲಿ. ಕೆಟ್ಟ ಶೀಟಿನ ಬೆಲೆಯನ್ನು ನಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳುವ ಕರಾರಿದ್ದರೆ, ಒಂದು ಶೀಟು ನೂರಾರು ತುಂಡುಗಳ ಕೂಲಿಯನ್ನು ನುಂಗಬಲ್ಲದು. ಕೊನೆಗೆ ಸಾಲದ ಕಂತು ಕೇವಲ ಸ್ಟೀಲ್ ಕೆಲಸದಿಂದಲೇ ತೀರುವಂತೆ ರಿಪೋರ್ಟ್ ಬರೆದೆವು; ಮೊದಲ ವರ್ಷ ಅಲ್ಯುಮಿನಿಯಂ ಆದಾಯವನ್ನು ಸೊನ್ನೆ ಎಂದೇ ಹಿಡಿದೆವು. ಗ್ರಾಹಕರದೇ ಶೀಟಿನಲ್ಲಿ 20 ತುಂಡು ಪ್ರಾಯೋಗಿಕವಾಗಿ ಕತ್ತರಿಸಿ, ಅಂಚಿನ ವರದಿ ಬಂದ ಮೇಲೆಯೇ ದರ ಕೊಡುವುದಾಗಿ ಅವರು ಪತ್ರ ಬರೆದಿದ್ದಾರೆ.