ಚಿಕಿತ್ಸೆಯ ಅವಧಿಯಲ್ಲಿ ರೋಗಿಗಳ ಮಾನಸಿಕ ಒತ್ತಡ: ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ದೀರ್ಘಕಾಲದ ಚಿಕಿತ್ಸೆಯಲ್ಲಿ ರೋಗದಷ್ಟೇ ಅದರ ಕುರಿತಾದ ಭಯವೂ ರೋಗಿಯನ್ನು ಬಳಲಿಸುತ್ತದೆ. ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು-ಮೂರು ಬಾರಿ ತಲಾ ಸುಮಾರು 4 ಗಂಟೆ ಕಳೆಯುವುದು, ಕ್ಯಾನ್ಸರ್ ಚಿಕಿತ್ಸೆಗಾಗಿ ಹುಬ್ಬಳ್ಳಿಗೆ ಓಡಾಡುವುದು, ಕೂಲಿ ತಪ್ಪುವುದು ಮುಂತಾದವುಗಳಿಂದ ನಿದ್ರಾಹೀನತೆ, ಸಿಡುಕು, ಊಟ ಸೇರದಿರುವಿಕೆ ಉಂಟಾಗಬಹುದು. ಇಂತಹ ಸಂದರ್ಭದಲ್ಲಿ ಕೆಲವರು ಯಾರಿಗೂ ತಿಳಿಸದೆ ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಆದ್ದರಿಂದ ಮಾನಸಿಕ ಒತ್ತಡದ ನಿವಾರಣೆಯೂ ಚಿಕಿತ್ಸೆಯ ಒಂದು ಭಾಗವಾಗಿದೆ.

ಮುಂಚಿತ ತಿಳಿವಳಿಕೆಯ ಮಹತ್ವ

1964ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದ 97 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ನೋವು ಎಲ್ಲಿ, ಎಷ್ಟು ದಿನ ಇರುತ್ತದೆ, ಹೇಗೆ ಸಹಿಸಬೇಕು ಎಂದು ತಿಳಿಸಲಾಗಿದ್ದ ರೋಗಿಗಳಿಗೆ ನೋವು ನಿವಾರಕ ಔಷಧವು ಸುಮಾರು ಅರ್ಧದಷ್ಟು ಮಾತ್ರ ಬೇಕಾಯಿತು. ಅವರು ಬೇಗನೆ ಮನೆಗೂ ತೆರಳಿದರು.

ಕ್ಷಯರೋಗದ ಚಿಕಿತ್ಸೆಗೂ ಇದು ಅನ್ವಯಿಸುತ್ತದೆ. ರಿಫಾಂಪಿಸಿನ್ ಔಷಧದಿಂದ ಮೂತ್ರವು ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದು ಅಪಾಯಕಾರಿಯಲ್ಲ. ಮೊದಲೇ ತಿಳಿಯದಿದ್ದ ರೋಗಿಯು ರಕ್ತ ಹೋಗುತ್ತಿದೆಯೆಂದು ಹೆದರಿ ಮಾತ್ರೆ ನಿಲ್ಲಿಸಬಹುದು. ಮಧ್ಯದಲ್ಲಿ ನಿಲ್ಲಿಸಿದಲ್ಲಿ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವ ಸಂಭವವಿರುತ್ತದೆ.

ಕುಟುಂಬದವರು ಅನುಸರಿಸಬೇಕಾದ ಕ್ರಮಗಳು

1. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಮನೆಯಲ್ಲಿಯೇ ಚೀಟಿಯಲ್ಲಿ ಬರೆದುಕೊಂಡು ಹೋಗುವುದು.
2. “ಏನೂ ಆಗುವುದಿಲ್ಲ, ಸುಮ್ಮನಿರಿ” ಎಂದು ಬಾಯಿ ಮುಚ್ಚಿಸದೆ, ರೋಗಿಯ ಭಯವನ್ನು ಪೂರ್ತಿಯಾಗಿ ಆಲಿಸುವುದು.
3. ಮಾತ್ರೆಯ ಸಮಯ, ಊಟ, ಜೊತೆಗೆ ಬರುವವರು ಯಾರು ಎಂಬಂತಹ ವಿಷಯಗಳಲ್ಲಿ ರೋಗಿಯ ಅಭಿಪ್ರಾಯ ಪಡೆಯುವುದು. ತನ್ನ ಮಾತಿಗೆ ಬೆಲೆಯಿದೆಯೆಂಬ ಭಾವನೆಯು ಒತ್ತಡವನ್ನು ತಗ್ಗಿಸುತ್ತದೆ.
4. ಆರೈಕೆಯ ಹೊಣೆಯನ್ನು ಒಬ್ಬರ ಮೇಲೆಯೇ ಹೊರಿಸದೆ ಹಂಚಿಕೊಳ್ಳುವುದು.

ಲಭ್ಯವಿರುವ ಸೌಲಭ್ಯಗಳು

ಅ) ಟೆಲಿ-ಮಾನಸ್ ಸಹಾಯವಾಣಿ 14416: ಅಕ್ಟೋಬರ್ 2022ರಲ್ಲಿ ಆರಂಭವಾದ ಈ ಸೇವೆಯು ಉಚಿತವಾಗಿದ್ದು, ದಿನದ 24 ಗಂಟೆಯೂ ದೊರೆಯುತ್ತದೆ. ಕನ್ನಡದಲ್ಲಿಯೇ ಮಾತನಾಡಬಹುದು.

ಆ) ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: ಆಪ್ತಸಮಾಲೋಚನೆಯ ದಿನ ಹಾಗೂ ಸ್ಥಳವನ್ನು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಗದಗದ ಜಿಮ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರನ್ವಯ ರೋಗಿಯ ವಿವರಗಳನ್ನು ಗೌಪ್ಯವಾಗಿಡಬೇಕು.

ಇ) ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ನೆರವು ಇರುತ್ತದೆ. ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡನ್ನು ಹಾಜರುಪಡಿಸತಕ್ಕದ್ದು. ಬೇರೆ ಆಸ್ಪತ್ರೆಗೆ ತೆರಳುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

ಈ) ನಿಕ್ಷಯ್ ಪೋಷಣ್ ಯೋಜನೆ: ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕಾಗಿ ಚಿಕಿತ್ಸೆಯ ಅವಧಿಯಲ್ಲಿ ಮಾಸಿಕ 1,000 ರೂ. ಲೆಕ್ಕದಲ್ಲಿ (ನವೆಂಬರ್ 2024ರಿಂದ) ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುತ್ತದೆ.

ವಿಶೇಷ ಸೂಚನೆ

ರೋಗಿಯು “ಬದುಕುವುದೇ ಬೇಡ” ಎಂದು ನುಡಿದಲ್ಲಿ ಅದನ್ನು ಲಘುವಾಗಿ ಪರಿಗಣಿಸಬಾರದು. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ 14416ಕ್ಕೆ, ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆಯಬೇಕೆಂದು ಕೋರಲಾಗಿದೆ.