ಕಾರಿಗೆ ಪಾಲಿಶೋ, ವ್ಯಾಕ್ಸೋ?

ಸರ್ವೀಸ್‌ಗೆ ಬಿಟ್ಟಾಗಲೆಲ್ಲ ‘ಮೇಡಂ, ಪಾಲಿಶ್ ಮಾಡಿಸಿಬಿಡಿ’ ಅಂತಾರಾ? ಕಾರು ಚೆನ್ನಾಗೇ ಇದ್ದರೆ ಹೂಂ ಅನ್ನುವ ಮುನ್ನ ಯೋಚಿಸಿ. ಪಾಲಿಶ್ ಅಂದರೆ ಉಜ್ಜಿ ಸವೆಸುವುದು. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ ದಪ್ಪ ಸುಮಾರು 40-50 ಮೈಕ್ರಾನ್, ಹೆಚ್ಚೆಂದರೆ ಒಂದು ಕೂದಲೆಳೆಯಷ್ಟು. ಹಿತ್ತಾಳೆ ದೀಪದ ಹಾಗೆ ತಿಂಗಳು ತಿಂಗಳು ತಿಕ್ಕಿಸುತ್ತಾ ಹೋದರೆ ಅದು ಸವೆದೇ ಹೋಗುತ್ತೆ, ಆಮೇಲೆ ಪೇಂಟ್ ಮಾಡಿಸುವುದೇ ಗತಿ.

ಗೀರು, ಮಂಕು ಕಂಡಾಗ ಮಾತ್ರ ಪಾಲಿಶ್. ಉಳಿದಂತೆ ವ್ಯಾಕ್ಸ್ ಸಾಕು. ಅದು ಮೇಲೊಂದು ಹೊದಿಕೆಯಾಗಿ ಕೂರುತ್ತೆ. ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯದ್ದು. ಹೊಳಪು ಚೆಂದ, ಬಾಳಿಕೆ ಮಾತ್ರ ಎರಡು-ಮೂರು ತಿಂಗಳು. ಬಿಸಿಲಲ್ಲೇ ನಿಲ್ಲುವ ಕಾರಿಗೆ ಸಿಂಥೆಟಿಕ್ ಸೀಲೆಂಟ್ ವಾಸಿ. ಡಬ್ಬಿಯ ಮೇಲೆ ‘ಕ್ಲೀನರ್ ವ್ಯಾಕ್ಸ್’ ಅಂತಿದ್ದರೆ ಬಿಡಿ, ಅದರಲ್ಲೂ ಸಾಮಾನ್ಯವಾಗಿ ಉಜ್ಜುವ ಅಂಶ ಇರುತ್ತೆ.

ಕಾರು ತೊಳೆದು ಒಣಗಿಸಿ, ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ ತೆಳ್ಳಗೆ ಹಚ್ಚಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಕಪ್ಪು ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಬಿಳಿ ಕಲೆ ಬೇಗ ಹೋಗೋಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಅಂತೂ ಬೇಡವೇ ಬೇಡ, ಹಚ್ಚಿದ ವ್ಯಾಕ್ಸೂ ಅದರ ಜೊತೆ ಹೋಗುತ್ತೆ. ಆಗಾಗ ನೀರು ಚಿಮುಕಿಸಿ ನೋಡಿ: ಕೆಸುವಿನೆಲೆ ಮೇಲಿನಂತೆ ಮಣಿಮಣಿಯಾಗಿ ನಿಂತರೆ ವ್ಯಾಕ್ಸ್ ಇನ್ನೂ ಇದೆ; ಹರಡಿಕೊಂಡರೆ ಮತ್ತೆ ಡಬ್ಬಿ ತೆಗೆಯಿರಿ.