ಮಾಳಿಗೆಯ ಚೌಳು, ಗೋಡೆಯ ಚೌಳು: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಮನೆಗಳು ಮತ್ತು ತೇವ

ಕನ್ನಡ ಎಂ.ಎ. ಓದುವವಳು ಗೋಡೆಯ ತೇವದ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ನಿಮಗೆ ಅನ್ನಿಸಬಹುದು. ಗಡಿನಾಡಿನಲ್ಲಿ ಮನೆ ಕಟ್ಟುವ ಕೆಲಸದ ಪದಗಳನ್ನು ಸಂಗ್ರಹಿಸುವಾಗ ‘ಚೌಳು’ ಎಂಬ ಪದ ಒಂದು ಕಡೆ ಹೊಗಳಿಕೆಯಾಗಿ, ಇನ್ನೊಂದು ಕಡೆ ದೂರಾಗಿ ಸಿಕ್ಕಿತು. ಅದರ ಬೆನ್ನು ಹತ್ತಿ ಬರೆದದ್ದು ಈ ಪ್ರಬಂಧ.

ಕಲ್ಯಾಣದುರ್ಗದ ಹತ್ತಿರ ನಮ್ಮ ಸೋದರಮಾವನದು ಮಣ್ಣಿನ ಮಾಳಿಗೆ ಮನೆ. ತೆಲುಗಿನಲ್ಲಿ ಮಿದ್ದೆ ಅಂತಾರೆ. ತೊಲೆ, ಜಂತೆ, ಅದರ ಮೇಲೆ ಕಡ್ಡಿ-ಸೊಪ್ಪಿನ ಹಾಸು, ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. “ಚೌಳು ಹಾಕಿದ್ರೆ ಮಾಳಿಗೆ ಸೋರಲ್ಲ” ಅಂತಾರೆ ಮಾವ. ಹಿಂದೂಪುರದಲ್ಲಿ ಅಜ್ಜಿ ಗೋಡೆ ತೋರಿಸಿ ಹೇಳಿದ್ದು ಬೇರೆ: “ಚೌಳು ಹತ್ತೈತೆ ಕಣಮ್ಮ, ಗಾರೆ ಎಲ್ಲಾ ಉದುರ್ತೈತೆ.”

ಎರಡೂ ಮಾತು ನಿಜ. ಚೌಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೆನೆದಾಗ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ತುಂಬಿಕೊಳ್ಳುತ್ತವೆ. ಆಮೇಲೆ ನೀರು ಇಳಿಯುವುದಿಲ್ಲ, ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಗೋಡೆಯಲ್ಲಿ ಆಗುವುದು ಇದಕ್ಕೆ ತಿರುಗಾಮುರುಗಾ. ಬತ್ತಿ ಎಣ್ಣೆ ಹೀರುವ ಹಾಗೆ ಕಲ್ಲು-ಮಣ್ಣಿನ ಗೋಡೆ ನೆಲದ ನೀರನ್ನು ಹೀರುತ್ತದೆ. ನೀರಿನ ಜೊತೆ ಉಪ್ಪೂ ಏರುತ್ತದೆ. ನೀರು ಆವಿಯಾದ ಮೇಲೆ ಉಳಿದ ಉಪ್ಪು ಹರಳುಗಟ್ಟಿ ಗಾರೆಯನ್ನು ಹೊರಕ್ಕೆ ತಳ್ಳುತ್ತದೆ.

ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ. ಮಾತ್ರ. ಇಂಥ ಒಣನಾಡಿನಲ್ಲಿ ಇಷ್ಟು ತೇವ ಎಲ್ಲಿಂದ? ಅಜ್ಜಿಯ ಬೀದಿಗೆ ಸಿಮೆಂಟ್ ರಸ್ತೆ ಬಂದು ಎತ್ತರವಾದ ಮೇಲೆ, ಮಳೆನೀರು, ಬಚ್ಚಲುನೀರು ಎರಡೂ ತಳಪಾಯದ ಪಕ್ಕ ನಿಲ್ತಿವೆ. ತೇವ ತಡೆಯೋಕೆ ಅಂತ ಚಿಕ್ಕಪ್ಪ ಮೂರು ಅಡಿ ಎತ್ತರ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ನೀರು ಬರುವುದು ನಿಲ್ಲಲಿಲ್ಲ, ಆರುವ ದಾರಿ ಮಾತ್ರ ಮುಚ್ಚಿಹೋಯಿತು. ಈಗ ಬಿಳಿ ಉಪ್ಪು ಐದು ಅಡಿಗೆ ಏರಿದೆ. ಅಜ್ಜಿ ಮಂಚವನ್ನು ಗೋಡೆಯಿಂದ ಎಳೆದು ಕೋಣೆಯ ನಡುವೆ ಹಾಕಿಸಿಕೊಂಡಿದ್ದಾರೆ.

ಹಾಳಾಗುವುದು ಗಾರೆ ಒಂದೇ ಅಲ್ಲ. ಬೇಸಿಗೆಯಲ್ಲಿ ಇಂಥ ಮನೆ ತಣ್ಣಗಿರಲು ಕಾರಣ ಗೋಡೆಯ ದಪ್ಪ, ಮತ್ತೆ ಮಣ್ಣಿನ ಸಂದುಗಳಲ್ಲಿ ನಿಂತ ಗಾಳಿ. ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಬೇಗ ಶಾಖ ಸಾಗಿಸುತ್ತದೆ. ಹಾಗಾಗಿ ನೆನೆದ ಗೋಡೆ ಬಿಸಿಲನ್ನು ಮೊದಲಿನಷ್ಟು ತಡೆಯುವುದಿಲ್ಲ.

ಮಾಡಬೇಕಾದ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಚರಂಡಿ ತೋಡಿ ನೀರನ್ನು ದೂರ ಕಳಿಸಬೇಕು. ಆಮೇಲೆ ಸಿಮೆಂಟ್ ಕಿತ್ತು, ಒಂದು ಬೇಸಿಗೆ ಪೂರ್ತಿ ಗೋಡೆ ಆರಲು ಬಿಡಬೇಕು. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಕೊನೆಗೆ ಸುಣ್ಣದ ಗಾರೆ. ಅದು ತೇವವನ್ನು ತಡೆಯಲ್ಲ, ಹೊರಗೆ ಹೋಗಲು ಬಿಡುತ್ತದೆ. ಕೆಲವು ವರ್ಷಕ್ಕೆ ತಾನು ಸವೆಯುತ್ತದೆ, ಗೋಡೆ ಉಳಿಯುತ್ತದೆ. ಮಾವ ಮಾಳಿಗೆಗೆ ಆಗಾಗ ಹೊಸ ಚೌಳು ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಚೌಳು ಅಂದರೆ ಉಪ್ಪುಮಣ್ಣು ಅಂತ ಒಂದು ಸಾಲು ಬರೆದು ನನ್ನ ಪದಪಟ್ಟಿ ಮುಗಿಸಬಹುದಿತ್ತು. ಈಗ ಅದರ ಪಕ್ಕದಲ್ಲಿ ‘ಎಲ್ಲಿ?’ ಅಂತ ಬರೆದುಕೊಂಡಿದ್ದೇನೆ. ಈ ವರ್ಷ ಇನ್ನೂ ಎರಡು ಅಡಿ ಸಿಮೆಂಟ್ ಏರಿಸೋಣ ಅಂದಿದ್ದ ಚಿಕ್ಕಪ್ಪ, ಸದ್ಯಕ್ಕೆ ಚರಂಡಿ ತೋಡಿಸಲು ಒಪ್ಪಿದ್ದಾರೆ.